ನ್ಯಾಯ ಕೇಳುವುದು ಅವಿಧೇಯತೆಯೇ?



ಭಾನುವಾರದ ಬಲಿಪೂಜೆಗೆ ಹೋದಾಗ ಸ್ವಲ್ಪ ಗಮನಿಸಿ. ಪೀಠಕ್ಕೆ ಹೂವಿಟ್ಟವರು, ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು, ರೋಗಿಗಳ ಮನೆಗೆ ಹೋಗಿ ಜಪಸರ ಹೇಳುವವರು ಬಹುಪಾಲು ಮಹಿಳೆಯರೇ. ಆದರೆ ಹಬ್ಬದ ಖರ್ಚು, ಕಟ್ಟಡದ ಕೆಲಸ, ಜಮೀನಿನ ವಿಚಾರ ತೀರ್ಮಾನವಾಗುವ ಸಭೆಯಲ್ಲಿ ಅವರಲ್ಲಿ ಎಷ್ಟು ಮಂದಿಯ ಮಾತು ನಡೆಯುತ್ತದೆ? ಒಬ್ಬಾಕೆ ಇದನ್ನು ಕೇಳಿದರೆ ‘ತಗ್ಗಿ ನಡೆಯಮ್ಮ’ ಎಂದು ಬುದ್ಧಿ ಹೇಳುತ್ತೇವೆ. ಹತ್ತು ಮಂದಿ ಸೇರಿ ಕೇಳಿದರೆ ‘ಗುಂಪು ಕಟ್ಟಿಕೊಂಡು ಬಂದರು’ ಎಂದು ಗೊಣಗುತ್ತೇವೆ. ಧರ್ಮಸಭೆಯೊಳಗೆ ಒಟ್ಟಾಗಿ ನ್ಯಾಯ ಕೇಳುವುದು ನಿಜವಾಗಿಯೂ ವಿಶ್ವಾಸಕ್ಕೆ ವಿರುದ್ಧವೇ?

ಪವಿತ್ರ ಗ್ರಂಥ ಹಾಗೆ ಹೇಳುವುದಿಲ್ಲ. ಸಂಖ್ಯಾಕಾಂಡದ 27ನೇ ಅಧ್ಯಾಯವನ್ನು ಓದಿ. ಗಂಡುಮಕ್ಕಳಿಲ್ಲದೆ ತೀರಿಹೋದ ಚಲ್ಪಹಾದನ ಐವರು ಹೆಣ್ಣುಮಕ್ಕಳು ಒಟ್ಟಾಗಿ ಬಂದು, ಮೋಶೆ, ಯಾಜಕ, ಮುಖಂಡರು ಹಾಗೂ ಇಡೀ ಸಮುದಾಯದ ಎದುರು ನಿಂತು ತಂದೆಯ ಆಸ್ತಿಯಲ್ಲಿ ತಮ್ಮ ಪಾಲು ಕೇಳಿದರು. ಮೋಶೆ ಅವರನ್ನು ಗದರಿಸಲಿಲ್ಲ; ಆ ಮಾತನ್ನು ದೇವರ ಮುಂದಿಟ್ಟ. ಆ ಹೆಣ್ಣುಮಕ್ಕಳು ಕೇಳುವುದು ನ್ಯಾಯವೆಂದು ದೇವರೇ ತೀರ್ಪಿತ್ತರು. ಆದಿ ಧರ್ಮಸಭೆಯಲ್ಲೂ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಎದ್ದಿತು. ಪ್ರೇಷಿತರು ದೂರಿದವರ ಬಾಯಿ ಮುಚ್ಚಿಸಲಿಲ್ಲ, ಏಳು ಮಂದಿಯನ್ನು ನೇಮಿಸಿ ವ್ಯವಸ್ಥೆಯನ್ನೇ ಸರಿಪಡಿಸಿದರು.

ನಮ್ಮ ಕಾಲದ ಚರಿತ್ರೆಯೂ ಇದನ್ನೇ ತೋರಿಸುತ್ತದೆ. 1911ರಲ್ಲಿ ಲಂಡನ್ನಿನ ಕಥೋಲಿಕ ಮಹಿಳೆಯರು ಮತದಾನದ ಹಕ್ಕಿಗಾಗಿ ಸಂಘ ಕಟ್ಟಿದರು. ಸಂತ ಜೋನ್‌ಳ ಹೆಸರು ಹೊತ್ತು ಮುಂದುವರಿದ ಆ ಸಂಘ ಮುಂದೆ ಧರ್ಮಸಭೆಯೊಳಗಿನ ಸಮಾನತೆಗಾಗಿಯೂ ದನಿ ಎತ್ತಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಮಹಿಳೆಯರಿಗೆ ಪ್ರವೇಶ ದೊರೆತದ್ದು 1964ರಲ್ಲಿ. ಒಟ್ಟು 23 ಮಂದಿ ಆಲಿಸುವವರಾಗಿ ಬಂದರು. ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ನಡೆದ ಸಿನೋದಿನಲ್ಲಿ 54 ಮಹಿಳೆಯರು ಮತದ ಹಕ್ಕಿನೊಂದಿಗೆ ಕುಳಿತರು. ಆಲಿಸುವ ಕುರ್ಚಿಯಿಂದ ಮತ ಹಾಕುವ ಕುರ್ಚಿಗೆ ಬರಲು ಸುಮಾರು ಅರವತ್ತು ವರ್ಷ ಹಿಡಿಯಿತು. ತಾಳ್ಮೆಯಿಂದ ಮತ್ತೆ ಮತ್ತೆ ಕೇಳಿದವರಿಲ್ಲದಿದ್ದರೆ ಇದು ಆಗುತ್ತಿತ್ತೇ?

ನಮ್ಮ ದೇಶದಲ್ಲಿಯೂ 2008ರಲ್ಲಿ ಧರ್ಮಾಧ್ಯಕ್ಷರುಗಳು ಜೆಮ್‌ಷೆಡ್‌ಪುರದಲ್ಲಿ ಸೇರಿ, ಧರ್ಮಸಭೆ ಮತ್ತು ಸಮಾಜದಲ್ಲಿ ಮಹಿಳೆಯರ ಸಬಲೀಕರಣವನ್ನೇ ತಮ್ಮ ಮಹಾಸಭೆಯ ವಿಷಯವನ್ನಾಗಿ ಮಾಡಿಕೊಂಡರು. 2010ರಲ್ಲಿ ಭಾರತದ ಕಥೋಲಿಕ ಧರ್ಮಸಭೆಯ ಲಿಂಗನೀತಿ ಪ್ರಕಟವಾಯಿತು. ಸ್ತ್ರೀ ಪುರುಷರಿಬ್ಬರೂ ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಸಮಾನರು ಎಂಬುದೇ ಅದರ ಬುನಾದಿ. ಹೀಗಿರುವಾಗ ಸಮಾನತೆಯನ್ನು ಕೇಳುವ ಮಹಿಳೆ ಹೊರಗಿನ ಗಾಳಿಗೆ ಸಿಕ್ಕವಳಲ್ಲ. ತನ್ನ ಕುರುಬರೇ ಬರೆದುಕೊಟ್ಟ ಮಾತನ್ನು ನೆನಪಿಸುವವಳು.

‘ಕ್ರೈಸ್ತಳಿಗೆ ದೀನತೆಯೇ ಭೂಷಣವಲ್ಲವೇ? ಸೇವೆ ಮಾಡುವವಳಿಗೆ ಸ್ಥಾನವೇಕೆ?’ ಎಂದು ನೀವು ಕೇಳಬಹುದು. ದೀನತೆ ದೊಡ್ಡ ಗುಣ, ನಿಜ. ಆದರೆ ಅದು ತಾನಾಗಿ ಆರಿಸಿಕೊಳ್ಳುವಂಥದ್ದು. ಇನ್ನೊಬ್ಬರ ತಲೆಯನ್ನು ಬಗ್ಗಿಸಿ ‘ಇದೇ ನಿನ್ನ ದೀನತೆ’ ಎಂದರೆ ಅದು ಗುಣವಲ್ಲ, ಭಾರ. ಕಡೆಯ ಭೋಜನದ ವೇಳೆ ಯೇಸುಸ್ವಾಮಿ ಶಿಷ್ಯರ ಪಾದ ತೊಳೆದರು. ಮೊಣಕಾಲೂರಿದ್ದು ಗುರು, ಅಧಿಕಾರ ಇದ್ದವರಿಗೆ ಕಲಿಸಿದ ಪಾಠ ಅದು. ಪವಿತ್ರ ಗುರುವಾರದ ಆ ವಿಧಿಯಲ್ಲಿ ಮಹಿಳೆಯರ ಪಾದಗಳನ್ನೂ ತೊಳೆಯಬಹುದೆಂದು 2016ರಲ್ಲಿ ನಿಯಮ ಬದಲಾಯಿತು. 2021ರಲ್ಲಿ ವಾಚಕ ಮತ್ತು ಪೀಠಸೇವಕ ಸೇವೆಗಳಿಗೆ ಅಧಿಕೃತವಾಗಿ ನೇಮಕವಾಗುವ ಬಾಗಿಲೂ ಅವರಿಗೆ ತೆರೆಯಿತು.

ಯಾಜಕದೀಕ್ಷೆಯ ವಿಷಯ ಬೇರೆ. ಅದನ್ನು ಸ್ತ್ರೀಯರಿಗೆ ನೀಡಲು ಧರ್ಮಸಭೆಗೆ ಅಧಿಕಾರವಿಲ್ಲವೆಂದು ಎರಡನೇ ಜಾನ್ ಪೌಲ್ ಪೋಪರು 1994ರಲ್ಲಿ ಸ್ಪಷ್ಟಪಡಿಸಿದರು. ಇದರಿಂದ ನೊಂದವರೂ ನಮ್ಮ ನಡುವೆ ಇದ್ದಾರೆ. ಅವರನ್ನು ಹೀಯಾಳಿಸುವುದು ಕ್ರಿಸ್ತರ ಮಾರ್ಗವಲ್ಲ. ಆದರೆ ಈ ಒಂದು ಬೋಧನೆಯನ್ನು ಗುರಾಣಿಯಂತೆ ಹಿಡಿದು, ದೀಕ್ಷೆಗೆ ಸಂಬಂಧವೇ ಇಲ್ಲದ ಸ್ಥಾನಗಳನ್ನೂ ನಿರಾಕರಿಸುವುದು ನ್ಯಾಯವೇ? ಲೆಕ್ಕಪತ್ರ ನೋಡಲು, ಪಾಲನಾ ಮಂಡಳಿಯಲ್ಲಿ ಮಾತನಾಡಲು, ಮನೆಯ ಹಿಂಸೆಯಿಂದ ನೊಂದು ಬಂದ ಸೋದರಿಯ ಪರ ನಿಲ್ಲಲು ದೀಕ್ಷಾಸ್ನಾನ ಸಾಲದೇ?

ಸೋದರರೇ, ನಿಮ್ಮ ಧರ್ಮಕೇಂದ್ರದಲ್ಲಿ ಮಹಿಳೆಯರು ಸೇರಿ ಒಂದು ಮನವಿ ತಂದರೆ, ಅದನ್ನು ಮೋಶೆಯಂತೆ ದೇವರ ಮುಂದಿಡಿ. ಸೋದರಿಯರೇ, ಕೇಳುವಾಗ ದ್ವೇಷ ಬೇಡ, ಅಂಜಿಕೆಯೂ ಬೇಡ. ತಾಯಂದಿರೇ, ತಂದೆಯರೇ, ಇಂದು ರಾತ್ರಿ ಊಟವಾದ ಮೇಲೆ ತಟ್ಟೆ ತೊಳೆಯಲು ಮಗಳನ್ನು ಮಾತ್ರ ಕರೆಯುತ್ತೀರೋ, ಮಗನನ್ನೂ ಕರೆಯುತ್ತೀರೋ? ಧರ್ಮಸಭೆಯ ನ್ಯಾಯ ಮೊದಲು ಕಲಿಯುವುದು ಅಲ್ಲೇ.