ಬರೆಯದೆ ಬಿಟ್ಟ ಒಂದಕ್ಷರ

ಡಾಸ್ ಕಾಲದ ಕಂಪ್ಯೂಟರನ್ನು ನೆಟ್‌ವರ್ಕಿಗೆ ಸೇರಿಸಲು ಮೊದಲು ಪ್ಯಾಕೆಟ್ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ಚಾಲೂ ಮಾಡಬೇಕಿತ್ತು. ಅದರ ಹೆಸರಿನ ಮುಂದೆ ಇಂಟರಪ್ಟ್ ಸಂಖ್ಯೆ, ಕಾರ್ಡಿನ ಪೋರ್ಟ್ ವಿಳಾಸ ಇತ್ಯಾದಿ ಬರೆಯಬೇಕು. ತಪ್ಪಾದರೆ ಕೆಲಸವೇ ನಡೆಯದು. ಅಲ್ಲಿ ಚರ್ಚಿಸುವಂಥದ್ದೇನೂ ಇಲ್ಲ. ನನ್ನನ್ನು ಕಾಡಿದ್ದು ಕ್ರಿನ್ವರ್ ಸಂಗ್ರಹದ ಡ್ರೈವರುಗಳಲ್ಲಿದ್ದ, ಬರೆದರೂ ಬಿಟ್ಟರೂ ನಡೆಯುವ 'ಪಿ' ಎಂಬ ಆಯ್ಕೆ.

ಒಂದೇ ತಂತಿಗೆ ಹತ್ತಾರು ಯಂತ್ರಗಳು ಜೋತುಬಿದ್ದಿದ್ದ ಆ ಈಥರ್‌ನೆಟ್‌ನಲ್ಲಿ ಒಬ್ಬರ ಸಂದೇಶ ಎಲ್ಲರ ಬಾಗಿಲಿಗೂ ಬರುತ್ತಿತ್ತು. ಸಾಮಾನ್ಯವಾಗಿ ಕಾರ್ಡು ತನ್ನದನ್ನಷ್ಟೇ ಎತ್ತಿಕೊಳ್ಳುತ್ತದೆ. ಆದರೆ ಯಾವುದಾದರೂ ಪ್ರೋಗ್ರಾಮು 'ಎಲ್ಲರದ್ದನ್ನೂ ಕೊಡು' ಎಂದರೆ ಕೊಟ್ಟೀತು. 'ಪಿ' ಬರೆದಿದ್ದರೆ ಡ್ರೈವರ್ ಒಲ್ಲೆ ಎನ್ನುತ್ತದೆ, ಬರೆಯದಿದ್ದರೆ ಇಲ್ಲ. ಹಾಗಾದರೆ ಆ ಅಕ್ಷರ ಬರೆಯದವನು ಏನನ್ನೂ ಮಾಡಲಿಲ್ಲವೇ? ಮೌನವೂ ಒಂದು ಆಯ್ಕೆಯೇ?

ಯಂತ್ರ ಏನಾದರೊಂದು ಮಾಡಲೇಬೇಕಲ್ಲ, ಎನ್ನಬಹುದು. ನಿಜ. ಆದ್ದರಿಂದಲೇ ಪ್ರಶ್ನೆ ಬೇರೆ: ಬಾಯಿಬಿಟ್ಟು ಹೇಳುವ ಕಷ್ಟ ಯಾರ ಪಾಲಿಗೆ?

ಈ ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ. ನಾರಾಯಣಪುರದ ಪಕ್ಕದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಏನನ್ನೂ ಹೇಳಬೇಕಿಲ್ಲ. ಬಂಗಾಳದ 'ದಾಯಭಾಗ'ದಲ್ಲಿ ಅಪ್ಪ ಸತ್ತ ಮೇಲಷ್ಟೇ. ಯಾರೂ ಏನೂ ಹೇಳದಿದ್ದಾಗ ಮಗನಿಗೆ ಸಿಗುತ್ತಿದ್ದದ್ದು ಮಗಳಿಗೆ ಸಿಗುತ್ತಿರಲಿಲ್ಲ. ಅವಳನ್ನು ಹೊರಗಿಟ್ಟದ್ದು ಯಾರ ಕ್ರೌರ್ಯವೂ ಆಗಿ ಕಾಣಲಿಲ್ಲ, ವ್ಯವಸ್ಥೆಯ ಸಹಜ ಸ್ಥಿತಿಯಾಗಿ ಕಂಡಿತು. ನನಗೆ ಭಯ ಹುಟ್ಟಿಸುವುದು ಇದೇ.

ಕರ್ನಾಟಕ 1994ರಲ್ಲಿ ಇದನ್ನು ಅರ್ಧ ತಿದ್ದಿತು, ಆಗಲೇ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಈಗ ಸುಮ್ಮನಿದ್ದರೆ ಹಕ್ಕು ಅವಳದೇ. ಬಾಯಿಬಿಡಬೇಕಾದವನು ಅಣ್ಣ: "ಒಂದು ಸಹಿ ಮಾಡವ್ವಾ." ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿರುತ್ತದೆ.

ಏನೂ ಬದಲಾಗಲಿಲ್ಲ ಎನ್ನುವವರನ್ನು ನಾನು ಒಪ್ಪಲಾರೆ. ಹಿಂದೆ ಅವಳನ್ನು ಕೇಳುವ ಅಗತ್ಯವೇ ಇರಲಿಲ್ಲ; ಈಗ ಅವಳ ಮುಂದೆ ಕಾಗದ ಹಿಡಿದು ನಿಲ್ಲಬೇಕು, ಅವಳು ಇಲ್ಲ ಎಂದಾಳೆಂಬ ಅಂಜಿಕೆಯೂ ಇರಬೇಕು. ಆದರೂ ಅನೇಕರು ಸಹಿ ಹಾಕುತ್ತಾರೆ. ಕಾನೂನು ಗೊತ್ತಿಲ್ಲದೆ ಅಲ್ಲ. ಮುಂದಿನ ಪಂಚಮಿಗೆ ತವರಿನಿಂದ ಕರೆಯಲು ಯಾರಾದರೂ ಬರಲಿ ಎಂದು.