ಯಾರ ಗಂಟೆ?

ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲಿ ಈಗ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಆ ವಿಶ್ವವಿದ್ಯಾಲಯದ ಪಠ್ಯಕ್ರಮ ತೆರೆದರೆ ಪ್ರತಿ ವಿಷಯದ ಜೊತೆ ‘ಕೋರ್ಸ್ ಔಟ್‌ಕಮ್’ಗಳ ಪಟ್ಟಿ ಸಿಗುತ್ತದೆ: ಇದನ್ನು ಓದಿ ಮುಗಿಸಿದವರು ಏನೇನು ಮಾಡಬಲ್ಲರು ಎಂಬ ಮುಂಗಡ ಮಾತು. ಮೇಷ್ಟ್ರು ಏನು ಪಾಠ ಮಾಡಿದರು ಎನ್ನುವುದಕ್ಕಿಂತ ವಿದ್ಯಾರ್ಥಿಗೆ ಏನು ಬಂತು ಎಂದು ಕೇಳುವ ಈ ಪದ್ಧತಿ, ಎಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯನಾದ ಮೇಲೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೇರುಬಿಟ್ಟಿತು. ಕೇಳಲೇಬೇಕಾದ ಪ್ರಶ್ನೆ ಅದು.

ಉನ್ನತ ಶಿಕ್ಷಣವನ್ನು ಒಂದಕ್ಕೊಂದು ಹೊಂದಿಸಿಕೊಳ್ಳಲು ದೇಶಗಳು ಒಪ್ಪಿದ 1999ರ ಬೊಲೊನ್ಯಾ ಘೋಷಣೆಯ ನಂತರ ಯುರೋಪಿನ ವಿಶ್ವವಿದ್ಯಾಲಯಗಳೂ ಇದೇ ದಾರಿ ಹಿಡಿದವು. ಆದರೆ ಅಲ್ಲಿನ ಲೆಕ್ಕ ಬೇರೆ. ನಮ್ಮಲ್ಲಿ ವಾರಕ್ಕೊಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಅಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ದುಡಿಮೆ. ತರಗತಿ, ಓದು, ಬರವಣಿಗೆ, ಪರೀಕ್ಷೆಯ ತಯಾರಿ ಎಲ್ಲವೂ ಸೇರಿ. ನಾವು ಎಣಿಸುವುದು ಮೇಷ್ಟ್ರ ಗಂಟೆಯನ್ನು, ಅವರು ಎಣಿಸುವುದು ವಿದ್ಯಾರ್ಥಿಯ ಗಂಟೆಯನ್ನು.

ವಿದ್ಯಾರ್ಥಿಯ ಗಂಟೆ ಎಂದ ಕೂಡಲೇ ಅವಳ ಮನೆ, ಊರು, ಕೆಲಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಶಿಡ್ಲಘಟ್ಟದ ಕಡೆಯ, ರೇಷ್ಮೆ ಸಾಕುವ ಮನೆಯಿಂದ ಎಂಜಿನಿಯರಿಂಗ್ ಓದಲು ಬಂದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತ, ದಾಟಿ ಎದ್ದ ವಾರ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಹಾಕಲೇಬೇಕು. ಆ ವಾರವೇ ಇಂಟರ್ನಲ್ಸ್ ಬಿದ್ದರೆ ಅವಳ ಅಂಕ ಇಳಿಯುತ್ತದೆ, ಪಟ್ಟಿಯಲ್ಲಿ ಅದು ಕಲಿಕೆಯ ಕೊರತೆ ಎಂದೇ ದಾಖಲಾಗುತ್ತದೆ. ಹುಳದ ಮನೆಯ ಕಾವು, ತೇವ ನೋಡಿ ಕಿಟಕಿ ತೆರೆಯುವ, ಗೋಣಿ ನೆನೆಸಿ ಕಟ್ಟುವ ಅವಳ ತಿಳಿವಳಿಕೆಗೆ ಮಾತ್ರ ಅಲ್ಲಿ ಜಾಗವಿಲ್ಲ.

ವಿಶ್ವೇಶ್ವರಯ್ಯನವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದವರು. ಅಂಥವರು ಗೆದ್ದಾಗ ಅವರ ಛಲವನ್ನು ಹೊಗಳುತ್ತೇವೆ. ಅಷ್ಟೇ ದುಡಿದು ಹಿಂದುಳಿದವರ ಗಂಟೆಗಳನ್ನು ಯಾರೂ ಕೇಳುವುದಿಲ್ಲ. ಛಲದ ಕಥೆಗಳು ಕಾಲೇಜಿನ ಹೊಣೆಯನ್ನು ಸದ್ದಿಲ್ಲದೆ ಹಗುರ ಮಾಡಿಬಿಡುತ್ತವೆ.

ಏನು ಕಲಿಯುವೆ ಎಂದು ಮೊದಲೇ ಬರೆದಿಡುವುದು ವಿದ್ಯಾರ್ಥಿಗೆ ಕೊಟ್ಟ ಮಾತು. ಅದನ್ನು ಉಳಿಸಿಕೊಳ್ಳುವ ಭಾರ ಅವಳೊಬ್ಬಳದಲ್ಲ. ಪಟ್ಟಿ ಬರೆಯುವ ಮೊದಲು ಅವಳ ದಿನ ಹೇಗೆ ಸಾಗುತ್ತದೆ, ಅವಳಿಗೆ ಆಗಲೇ ಏನು ಗೊತ್ತು ಎಂದು ಯಾರಾದರೂ ಕೇಳಬೇಕು. ಕೇಳಿದರೆ ಟೆಸ್ಟಿನ ದಿನ ಬದಲಾದೀತು. ಕಾವು, ತೇವ ಅಳೆಯುವ ಸೆನ್ಸರ್‌ಗಳ ಪಾಠ ಹುಳದ ಮನೆಯಿಂದಲೇ ಶುರುವಾದೀತು. ವಿದ್ಯಾರ್ಥಿ ಕೇಂದ್ರದಲ್ಲಿದ್ದಾಳೆಂದು ಅಂದು ಧೈರ್ಯವಾಗಿ ಹೇಳಬಹುದು.