ವಿಮರ್ಶಕನ ಧರ್ಮ

ಊರಿನ ಲೇಖಕನೊಬ್ಬನು ತನ್ನ ಹೊಸ ಪುಸ್ತಕವನ್ನು ನೆರೆಯವನ ಕೈಗಿತ್ತು, ಓದಿ ಅಭಿಪ್ರಾಯ ತಿಳಿಸಬೇಕೆಂದು ಕೇಳಿಕೊಂಡರೆ, ಆ ನೆರೆಯವನು ಏನು ಹೇಳತಕ್ಕದ್ದು? ಪುಸ್ತಕದಲ್ಲಿ ಸತ್ತ್ವವಿಲ್ಲವೆಂದು ಕಂಡರೆ ಅದನ್ನು ಬಾಯಿಬಿಟ್ಟು ಹೇಳಬೇಕೋ? ನಾಳೆ ಸಂತೆಯಲ್ಲಿ ಮುಖ ನೋಡಬೇಕಾದವನಲ್ಲವೇ ಎಂದು ಮೆಚ್ಚುಗೆಯ ನಾಲ್ಕು ಮಾತಾಡಿ ಸುಮ್ಮನಾಗಬೇಕೋ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಂಥ ಊರುಗಳಲ್ಲಿ ಬರೆಯುವವರೂ ಓದುವವರೂ ಒಬ್ಬರನ್ನೊಬ್ಬರು ಬಲ್ಲವರು. ಕೆಲವರು ಬೀಗರೂ ಆಗಿರುವರು. ಆದುದರಿಂದ ವಿಮರ್ಶೆಯು ಇಲ್ಲಿ ಪಾಂಡಿತ್ಯದ ಪ್ರಶ್ನೆಯಾಗುವ ಮೊದಲು ನೀತಿಯ ಪ್ರಶ್ನೆಯಾಗುವದು.

ನಿಪ್ಪಾಣಿಯ ಪೇಟೆಯಲ್ಲಿ ತಂಬಾಕು ಕೊಳ್ಳುವವನು ಅದನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ ನೋಡಿ ಬೆಲೆ ಕಟ್ಟುವನು. ಬೆಳೆದವನು ನೆಂಟನೆಂಬ ಕಾರಣಕ್ಕೆ ಕೆಟ್ಟ ಮಾಲು ಒಳ್ಳೆಯದಾಗದು. ಈ ನ್ಯಾಯವು ಕಾವ್ಯಕ್ಕೆ ಏಕೆ ಸಲ್ಲಬಾರದು? ಸಲ್ಲದಿರುವದಕ್ಕೆ ಒಂದು ಕಾರಣವು ಜನರ ನುಡಿಯಲ್ಲಿಯೇ ಇದೆ. ಹಿಂದಿನ ಪಂಡಿತರಿಗೆ ಟೀಕೆಯೆಂದರೆ ಮೂಲದ ಅರ್ಥವನ್ನು ಬಿಡಿಸಿ ತೋರಿಸುವ ವ್ಯಾಖ್ಯಾನ. ಇಂದಿನ ಬಳಕೆಯಲ್ಲಿ ಟೀಕೆಯೆಂದರೆ ನಿಂದೆ. ಅರ್ಥ ಬಿಡಿಸುವದೂ ದೋಷ ತೋರುವದೂ ಒಂದೇ ಕೆಲಸದ ಎರಡು ಮುಖಗಳೆಂಬದು ಮರೆತುಹೋಗಿ, ದೋಷ ತೋರಿದವನು ಹಗೆಯೆಂಬ ಭಾವನೆಯು ಬೇರೂರಿತು.

ಕನ್ನಡದ ಪರಂಪರೆ ಹೀಗಿರಲಿಲ್ಲ. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ, 9ನೆಯ ಶತಮಾನದ 'ಕವಿರಾಜಮಾರ್ಗ'ವು ಕಥೆಯಲ್ಲ, ಸ್ತೋತ್ರವಲ್ಲ. ಕಾವ್ಯದ ಗುಣದೋಷಗಳನ್ನು ವಿಚಾರಿಸುವ ಲಕ್ಷಣಗ್ರಂಥ. ಶಾಸ್ತ್ರವನ್ನು ಕ್ರಮವಾಗಿ ಓದದ ನಾಡವರಲ್ಲಿಯೂ ಕಾವ್ಯದ ಬಲ್ಮೆಯುಂಟೆಂದು ಅದು ಹೇಳುವದು. ಅಥಣಿ, ರಾಯಬಾಗಗಳಿಗೆ ಬಹು ದೂರವಲ್ಲದ ಮುಧೋಳದ ರನ್ನನು 10ನೆಯ ಶತಮಾನದಲ್ಲಿ, ತನ್ನ ಕೃತಿಯನ್ನು ಪರೀಕ್ಷಿಸುವ ಎದೆಗಾರಿಕೆ ಯಾರಿಗಿದೆಯೆಂದು ಸವಾಲು ಹಾಕಿದನು. ಅದು ಪರೀಕ್ಷೆ ಬೇಡವೆಂದವನ ಮಾತಲ್ಲ. ಪರೀಕ್ಷಕನಿಗೂ ಯೋಗ್ಯತೆ ಬೇಕೆಂದವನ ಮಾತು. ಈ ಸೀಮೆಯ ಹಳ್ಳಿಗಳಲ್ಲಿ ಆಡುತ್ತ ಬಂದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನು ದೇವರ ಪಾತ್ರವನ್ನೇ ಪ್ರಶ್ನಿಸಿ ಮಾತಾಡಿಸುವನು. ಅದರಿಂದ ಭಕ್ತಿಯು ಕುಂದುವದಿಲ್ಲ. ಕಥೆಯ ಅರ್ಥವು ತೆರೆಯುವದು.

ಇತ್ತೀಚೆಗೆ ವಿಮರ್ಶೆಯನ್ನು ಕುರಿತು ಇನ್ನೊಂದು ಆಕ್ಷೇಪವೂ ಹುಟ್ಟಿದೆ. ಪಶ್ಚಿಮದ ವಿದ್ಯಾಪೀಠಗಳಲ್ಲಿ ವಿಮರ್ಶಕನು ಬಹುಕಾಲ ಪತ್ತೇದಾರನಂತೆ ಕೃತಿಯ ಬೆನ್ನುಹತ್ತಿ, ಅದರಲ್ಲಿ ಅಡಗಿದ ಹುಳುಕನ್ನು ಹೊರಗೆಳೆಯುವದೇ ತನ್ನ ಕೆಲಸವೆಂದು ಬಗೆದನು. ಸಂಶಯವೊಂದನ್ನೇ ನೆಚ್ಚಿದರೆ ಕೃತಿಯು ಓದುಗನ ಮನಸ್ಸನ್ನು ಮುಟ್ಟುವ ಬಗೆಯು ಕಾಣದೆ ಹೋಗುವದೆಂದು ರೀಟಾ ಫೆಲ್ಸ್ಕಿ ಎಂಬ ವಿದುಷಿಯು 2015ರಲ್ಲಿ, ವಿಮರ್ಶೆಯ ಮಿತಿಗಳನ್ನು ಕುರಿತ ಗ್ರಂಥದಲ್ಲಿ ವಾದಿಸಿದರು. ಆ ಮಾತಿನಲ್ಲಿ ತಥ್ಯವುಂಟು. ಆದರೆ ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕರಾದ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ಅಲ್ಲಿ ವಿಮರ್ಶೆ ಅತಿಯಾಯಿತೆಂಬ ಚಿಂತೆ; ಇಲ್ಲಿ ವಿಮರ್ಶಕನು ಬದುಕಿ ಉಳಿಯುವನೋ ಎಂಬ ಚಿಂತೆ.

ಕಲಬುರ್ಗಿಯವರ ಕೆಲಸವನ್ನು ನೋಡಿದರೆ ಸಂಶಯಕ್ಕೂ ಪ್ರೀತಿಗೂ ವೈರವಿಲ್ಲವೆಂಬದು ತಿಳಿಯುವದು. 'ಮಾರ್ಗ'ದ ಬರಹಗಳಿಂದ ಸ್ವಸಮಾಜದ ಕೆಲವರ ಸಿಟ್ಟಿಗೆ ಗುರಿಯಾಗಿ 1989ರಲ್ಲಿ ತಮ್ಮ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದವರು ಅವರೇ. ವಚನಗಳ ಸಮಗ್ರ ಸಂಪುಟಗಳ ಸಂಪಾದನೆಗೆ ಮುಂದಾಳಾದವರೂ ಅವರೇ. ಹಸ್ತಪ್ರತಿಗಳನ್ನು ಹೋಲಿಸಿ, ಇದು ವಚನಕಾರನ ಮಾತು, ಇದು ಆಮೇಲೆ ಸೇರಿದ್ದು ಎಂದು ಬೇರ್ಪಡಿಸುವ ಸಂಪಾದಕನು ಪ್ರತಿಯೊಂದು ಪಾಠವನ್ನೂ ಶಂಕಿಸುವನು. ಆ ಶಂಕೆಯು ವಚನದ ಮೇಲಣ ಗೌರವದಿಂದಲೇ ಹುಟ್ಟಿದುದು.

ಗಡಿಸೀಮೆಯ ಓದುಗನಿಗೆ ಇದರಲ್ಲಿ ಎಚ್ಚರಿಕೆಯೂ ಉಂಟು. ಕನ್ನಡದ ಪುಸ್ತಕವೆಂದೇ ಹೊಗಳುವದು, ಮರಾಠಿಯದೆಂದೇ ಬದಿಗಿಡುವದು ಅಭಿಮಾನವಾದೀತು, ವಿಮರ್ಶೆಯಾಗದು. ಎರಡೂ ನುಡಿಗಳನ್ನು ಬಲ್ಲ ಇಲ್ಲಿಯ ಮನೆಗಳಲ್ಲಿ ಬಸವಣ್ಣನವರ ವಚನಗಳ ಪಕ್ಕದಲ್ಲಿ ತುಕಾರಾಮನ ಅಭಂಗಗಳನ್ನಿಟ್ಟು ತೂಗಿ ನೋಡುವ ಸೌಕರ್ಯವಿದೆ. ಆ ಸೌಕರ್ಯವನ್ನು ಜಗಳಕ್ಕೆ ಬಳಸದೆ ತಿಳಿವಿಗೆ ಬಳಸತಕ್ಕದ್ದು.

ಹಾಗಾದರೆ ಆ ನೆರೆಯವನು ಏನು ಮಾಡತಕ್ಕದ್ದು? ಮೊದಲು ಪುಸ್ತಕವನ್ನು ಕಡೆತನಕ ಓದತಕ್ಕದ್ದು. ಗೆದ್ದ ಪುಟವನ್ನೂ ಸೋತ ಪುಟವನ್ನೂ ಎತ್ತಿ ತೋರಿಸಿ, ಎರಡಕ್ಕೂ ಕಾರಣ ಹೇಳತಕ್ಕದ್ದು. ಬರೆದವನ ಕುಲವನ್ನಾಗಲಿ ಪಕ್ಷವನ್ನಾಗಲಿ ನಡುವೆ ತರಬಾರದು. ಸುಳ್ಳು ಹೊಗಳಿಕೆಯಿಂದ ಸ್ನೇಹವು ನಾಲ್ಕು ದಿನ ಉಳಿದೀತು, ಲೇಖಕನ ಬೆಳವಣಿಗೆಯು ನಿಂತುಹೋಗುವದು. ಇನ್ನು ಆ ಮಾತನ್ನು ಕೇಳಿದ ಲೇಖಕನು ಮರುದಿನ ಅದೇ ಮನೆಗೆ ಚಹಕ್ಕೆ ಬಂದು ಕುಳಿತರೆ, ಆ ಊರಿನಲ್ಲಿ ವಿಮರ್ಶೆಗೆ ಭವಿಷ್ಯವುಂಟೆಂದು ತಿಳಿಯಬಹುದು.